ಲಕ್ಷ್ಮೀಶ ಯಾವ ಪರೀಕ್ಷೆ ಬರೆದಿದ್ದ ಎಂದವರಿಗೆ

ಎಂಟನೆಯ ತರಗತಿಯ ಮಕ್ಕಳನ್ನು ವಿದ್ಯಾರ್ಥಿವೇತನದ ಎನ್‌ಎಂಎಂಎಸ್ ಪರೀಕ್ಷೆಗೆ ಕೂರಿಸೋಣ, ಸಂಜೆ ಒಂದು ತಾಸು ಪಾಠ ಹೇಳಿಕೊಡೋಣ ಎಂದು ದೇವನೂರಿನಲ್ಲಿ ನಾಲ್ಕು ಜನರ ಮುಂದೆ ನಾನು ಮಾತು ತೆಗೆದಾಗ, ಹೂಂ ಎಂದವರಿಗಿಂತ ಬೇಡ ಎಂದವರೇ ಹೆಚ್ಚು. ಹಿರಿಯರೊಬ್ಬರು ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನದ ಕಡೆ ಕೈತೋರಿಸಿ, “ಜೈಮಿನಿ ಭಾರತ ಬರೆದ ನಮ್ಮೂರ ಲಕ್ಷ್ಮೀಶ ಯಾವ ಪರೀಕ್ಷೆ ಪಾಸು ಮಾಡಿದ್ದ ಮೇಷ್ಟ್ರೇ? ಪ್ರತಿಭೆ ಇದ್ದರೆ ತಾನಾಗಿ ಮೇಲೆ ಬರುತ್ತೆ” ಎಂದರು. ಕೂತಿದ್ದವರು ತಲೆದೂಗಿದರು. ಇವರಲ್ಲಿ ಯಾರೂ ಮಕ್ಕಳಿಗೆ ಕೆಟ್ಟದ್ದು ಬಯಸುವವರಲ್ಲ. ಆದ್ದರಿಂದಲೇ ಅವರ ಒಂದೊಂದು ಮಾತಿಗೂ ಉತ್ತರ ಕೊಡಬೇಕಾದ ಹೊಣೆ ನನ್ನ ಮೇಲಿದೆ.

ಮೊದಲಿಗೆ ಲಕ್ಷ್ಮೀಶನ ಮಾತು. ವಾರ್ಧಕ ಷಟ್ಪದಿಯಲ್ಲಿ ಆ ಹದ, ಆ ನಾದ ಸುಮ್ಮನೆ ಒದಗಿ ಬರುವಂಥದ್ದಲ್ಲ. ಅವನಿಗೆ ಅಕ್ಷರ ಕಲಿಸಿದವರಿದ್ದರು, ಸಂಸ್ಕೃತವಿತ್ತು, ಪುರಾಣ ಕೇಳುವ ಜಗಲಿ ಇತ್ತು ಎಂಬುದಕ್ಕೆ ಅವನ ಕಾವ್ಯವೇ ಸಾಕ್ಷಿ. ಅದೇ ಕಾಲದಲ್ಲಿ, ಇದೇ ಸೀಮೆಯಲ್ಲಿ ದನ ಕಾಯುತ್ತಿದ್ದ ಹುಡುಗರಲ್ಲಿ ಎಷ್ಟು ಜನ ಕವಿಗಳಿದ್ದರೋ ಹೇಳುವವರು ಯಾರು? ಮೇಲೆ ಬಂದವರು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತಾರೆ. ಅವರನ್ನೇ ತೋರಿಸಿ ಎಲ್ಲರೂ ಹೀಗೇ ಬರುತ್ತಾರೆ ಎಂದರೆ, ಬರಲಾಗದೆ ಉಳಿದವರನ್ನು ಲೆಕ್ಕಕ್ಕೇ ಇಟ್ಟಿಲ್ಲ ಎಂದಾಯಿತು.

ಮೇಲೆ ಬಂದವರ ಕಥೆಯನ್ನಾದರೂ ಪೂರ್ತಿ ಹೇಳಬೇಕಲ್ಲ. ವಿಶ್ವೇಶ್ವರಯ್ಯನವರು ಹುಡುಗನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡವರು. ಬೆಂಗಳೂರಿನಲ್ಲಿ ಬೇರೆಯವರ ಮಕ್ಕಳಿಗೆ ಮನೆಪಾಠ ಹೇಳಿಕೊಂಡೇ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದರು. ಅಲ್ಲಿಂದ ಮುಂದೆ ಪುಣೆಯ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಲು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಬೇಕಾಯಿತು. ಅಂಬೇಡ್ಕರ್ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದದ್ದು ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ. ನಮ್ಮ ಅಜ್ಜಂದಿರ ಕಾಲದಲ್ಲಿ ವಾರಾನ್ನ ಉಂಡು ಓದಿದ ಹುಡುಗರಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆ ಎಲೆ ಎಲ್ಲ ಜಾತಿಯ ಮಕ್ಕಳಿಗೂ ಹಾಕುತ್ತಿರಲಿಲ್ಲ ಎಂಬುದನ್ನೂ ಮರೆಯಬಾರದು. ಪರೀಕ್ಷೆ ಬರೆದು ಪಡೆಯುವ ವಿದ್ಯಾರ್ಥಿವೇತನದಲ್ಲಿ ಯಾರ ಮನೆಯ ಬಾಗಿಲಲ್ಲೂ ನಿಲ್ಲಬೇಕಿಲ್ಲ. ವಾರಾನ್ನಕ್ಕಿಂತ ಅದು ದೊಡ್ಡದು ಎಂದು ನಾನು ನಂಬಿರುವುದು ಇದಕ್ಕೇ.

“ತಿಂಗಳಿಗೆ ಸಾವಿರ ರೂಪಾಯಿ. ಅಷ್ಟಕ್ಕೆ ಇಷ್ಟೆಲ್ಲ ರಂಪವೇ?” ಎಂದರು ಇನ್ನೊಬ್ಬರು.

ಲೆಕ್ಕ ಹೀಗಿದೆ. 2008ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಈ ಯೋಜನೆಯಲ್ಲಿ ವರ್ಷಕ್ಕೆ ದೇಶದ 1 ಲಕ್ಷ ಮಕ್ಕಳನ್ನು ಆರಿಸುತ್ತಾರೆ. ಕರ್ನಾಟಕದ ಪಾಲು 5,534. ಆಯ್ಕೆಯಾದ ಮಗುವಿಗೆ ಒಂಬತ್ತನೆಯ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಪಟ್ಟಣದಲ್ಲಿ ನಿಂತು ನೋಡಿದರೆ ಇದು ಸಣ್ಣ ಮೊತ್ತ. ಕಡೂರಿನ ಬಯಲಿನಲ್ಲಿ, ಮಳೆ ಕೈಕೊಟ್ಟ ವರ್ಷ ರಾಗಿ ಹೊಲದ ಬದುವಿನಲ್ಲಿ ನಿಂತು ನೋಡಿದರೆ ಬೇರೆ. ನಮ್ಮಲ್ಲಿ ಮಕ್ಕಳು ಶಾಲೆ ಬಿಡುವುದು ಒಂದೇ ದಿನದ ತೀರ್ಮಾನವಲ್ಲ. ಅಡಿಕೆ ಸುಲಿಯುವ ಕಾಲಕ್ಕೆ ಒಂದು ವಾರ ತಪ್ಪಿಸುತ್ತಾರೆ. ಆಮೇಲೆ ಮನೆಯಲ್ಲಿ ಚಿಕ್ಕವರನ್ನು ನೋಡಿಕೊಳ್ಳಲು ಇನ್ನೊಂದು ವಾರ. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಬೆಂಚಿನಲ್ಲಿ ಮಗು ಇರುವುದಿಲ್ಲ. ಹತ್ತನೆಯದು ಮುಗಿದ ಮೇಲೆ ಪಿಯುಸಿಗೆ ಕಡೂರಿಗೋ ಬೀರೂರಿಗೋ ಹೋಗಬೇಕು ಎಂದಾಗ ಹೆಣ್ಣುಮಗುವಾದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಅಡಿಕೆ ಸುಲಿಯಲು ಹೋಗುತ್ತಿದ್ದ ತಾಯಿಯೊಬ್ಬರ ಮಗಳು ನನ್ನ ಬಳಿ ಓದಿ ಈ ಪರೀಕ್ಷೆ ಪಾಸಾಗಿದ್ದಳು. ಮಾರನೆಯ ವರ್ಷ ಅವಳನ್ನು ಕೆಲಸಕ್ಕೆ ಕರೆದುಕೊಂಡು ಹೋಗಿಲ್ಲವೇ ಎಂದು ಯಾರೋ ಕೇಳಿದ್ದಕ್ಕೆ ಆ ತಾಯಿ, “ಸರ್ಕಾರದೋರೇ ದುಡ್ಡು ಕೊಟ್ಟು ಓದುಸ್ತಾವ್ರೆ, ನಾವು ಬಿಡ್ಸಕ್ಕಾಗ್ತದಾ?” ಅಂದರಂತೆ. ಹಣಕ್ಕಿಂತ ಹೆಚ್ಚಿನದು ಈ ಮಾತು. ಓದುತ್ತೇನೆ ಎನ್ನುವ ಮಗುವಿಗೆ ಮನೆಯೊಳಗೆ ಒಂದು ಹಿಡಿತ ಸಿಗುತ್ತದೆ. ಖರ್ಚು ಎನಿಸಿಕೊಂಡಿದ್ದವಳು ಮನೆಗೆ ತಾನೂ ನಾಲ್ಕು ಕಾಸು ತರುವವಳಾಗುತ್ತಾಳೆ. ಮೊತ್ತ ಕಡಿಮೆ ಎಂಬುದನ್ನು ಮಾತ್ರ ನಾನೂ ಒಪ್ಪುತ್ತೇನೆ. ವರ್ಷಕ್ಕೆ 6,000 ಇದ್ದದ್ದು 2017ರಲ್ಲಿ 12,000 ಆಯಿತು. ಅಂದಿನಿಂದ ಬಸ್ಸು, ಪುಸ್ತಕ, ಊಟ ಎಲ್ಲದರ ಬೆಲೆ ಏರಿದೆ. ಹಾಗಾದರೆ ಹೆಚ್ಚಿಸಿ ಎಂದು ಕೇಳೋಣ. ಕಡಿಮೆ ಎಂದು ಮಕ್ಕಳನ್ನು ಅರ್ಜಿಯನ್ನೇ ಹಾಕದಂತೆ ತಡೆಯುವುದು ಯಾವ ನ್ಯಾಯ?

“ಕೋಚಿಂಗ್ ಕೊಡಿಸುವವರ ಮಕ್ಕಳೇ ಗೆಲ್ಲುವುದು” ಎಂಬುದು ಮೂರನೆಯ ಆಕ್ಷೇಪ. ಇದನ್ನು ಹೇಳಿದವರು ಎರಡು ಪರೀಕ್ಷೆಗಳನ್ನು ಒಂದೇ ಎಂದುಕೊಂಡಿದ್ದಾರೆ. 1963ರಲ್ಲಿ ವಿಜ್ಞಾನ ಪ್ರತಿಭಾ ಶೋಧವಾಗಿ ಶುರುವಾಗಿ, ಮುಂದೆ ಸಮಾಜ ವಿಜ್ಞಾನಗಳನ್ನೂ ಸೇರಿಸಿಕೊಂಡ ಎನ್‌ಟಿಎಸ್‌ಇ ಪರೀಕ್ಷೆಗೆ ತಂದೆತಾಯಿಯ ಆದಾಯದ ಮಿತಿ ಇರಲಿಲ್ಲ. ನಗರದ ದೊಡ್ಡ ಶಾಲೆಗಳು, ಕೋಚಿಂಗ್ ಕೇಂದ್ರಗಳು ಅದರಲ್ಲಿ ಮುಂದಿದ್ದವು ಎಂಬ ದೂರಿನಲ್ಲಿ ಹುರುಳಿತ್ತು. ಅದು 2021ರ ಮಾರ್ಚ್ ಆಚೆಗೆ ಮುಂದುವರಿಯದೆ ನಿಂತಿದೆ. ಎನ್‌ಎಂಎಂಎಸ್ ಬೇರೆ. ತಂದೆತಾಯಿಯ ವರ್ಷದ ಆದಾಯ 3.5 ಲಕ್ಷ ರೂಪಾಯಿ ಮೀರುವಂತಿಲ್ಲ. ಸರ್ಕಾರಿ, ಅನುದಾನಿತ, ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳೇ ಆಗಬೇಕು. ಅನುದಾನರಹಿತ ಖಾಸಗಿ ಶಾಲೆಯವರು, ಕೇಂದ್ರೀಯ ವಿದ್ಯಾಲಯದವರು, ನವೋದಯದವರು, ಸರ್ಕಾರಿ ವಸತಿ ಶಾಲೆಯವರು ಬರೆಯುವಂತಿಲ್ಲ. ಅಂದರೆ ನಮ್ಮೂರ ಮಗು ಬೆಂಗಳೂರಿನ ಕಾನ್ವೆಂಟಿನ ಮಗುವಿನ ಎದುರು ನಿಲ್ಲುವ ಪಂದ್ಯವೇ ಇದಲ್ಲ. ತನ್ನಂಥದ್ದೇ ಮನೆಯ, ತನ್ನಂಥದ್ದೇ ಶಾಲೆಯ ಮಕ್ಕಳ ಜೊತೆ ಬರೆಯುತ್ತದೆ.

ಪ್ರಶ್ನೆಪತ್ರಿಕೆ ಎರಡು, ತಲಾ 90 ಪ್ರಶ್ನೆ, 90 ನಿಮಿಷ. ಒಂದರಲ್ಲಿ ಏಳು, ಎಂಟನೆಯ ತರಗತಿಯ ಪಾಠವೇ ಬರುತ್ತದೆ: ವಿಜ್ಞಾನ 35, ಸಮಾಜ ವಿಜ್ಞಾನ 35, ಗಣಿತ 20. ಇನ್ನೊಂದು ಬೌದ್ಧಿಕ ಸಾಮರ್ಥ್ಯದ್ದು. ಸಂಖ್ಯಾ ಸರಣಿ, ಸಂಕೇತ, ಚಿತ್ರಗಳ ಹೋಲಿಕೆ. ತೊಡಕು ಇರುವುದು ಇದರಲ್ಲಿ. ಮಗು ದಡ್ಡ ಎಂದಲ್ಲ, ಇಂಥ ಪ್ರಶ್ನೆಯನ್ನೇ ಅದು ಹಿಂದೆಂದೂ ನೋಡಿರುವುದಿಲ್ಲ. ಎರಡು ತಿಂಗಳು ದಿನಕ್ಕೆ ಹತ್ತರಂತೆ ಬಿಡಿಸಿದರೆ ಭಯ ಬಿಡುತ್ತದೆ. ಸಂಜೆಯ ಪಾಠ ಎಂದು ನಾನು ಕೇಳಿದ್ದು ಇಷ್ಟನ್ನೇ. ಹಣವಂತರು ಕೊಂಡುಕೊಳ್ಳುವುದನ್ನು ಊರು ಪುಕ್ಕಟೆಯಾಗಿ ಕೊಟ್ಟರೆ ಕೋಚಿಂಗಿನ ದೂರು ತಾನಾಗಿ ತೀರುತ್ತದೆ.

ಹದಿಮೂರು ವರ್ಷದ ಮಗುವಿನ ತಲೆಯ ಮೇಲೆ ಇನ್ನೊಂದು ಪರೀಕ್ಷೆ ಏಕೆ, ಶಿಕ್ಷಣ ಹಕ್ಕು ಕಾಯ್ದೆಯೇ ಮಕ್ಕಳನ್ನು ಸೋಸುವುದನ್ನು ನಿಷೇಧಿಸಿದೆಯಲ್ಲ ಎಂದು ಶಿಕ್ಷಕರೊಬ್ಬರು ಕೇಳಿದರು. 2009ರ ಕಾಯ್ದೆಯ 13ನೆಯ ಸೆಕ್ಷನ್ ತಡೆಯುವುದು ಶಾಲೆಗೆ ಸೇರಿಸಿಕೊಳ್ಳುವಾಗಿನ ಸೋಸುವಿಕೆಯನ್ನು. ಇಲ್ಲಿ ಯಾರ ಸೀಟೂ ಹೋಗುವುದಿಲ್ಲ. ಪಾಸಾಗದ ಮಗುವೂ ಒಂಬತ್ತನೆಯ ತರಗತಿಗೆ ಹೋಗುತ್ತದೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದೂ ಇಲ್ಲ. ಮಗುವಿಗೆ ನೋವಾಗುವುದು ಪರೀಕ್ಷೆಯಿಂದಲ್ಲ, ಫಲಿತಾಂಶದ ಮರುದಿನ ದೊಡ್ಡವರು ಆಡುವ ಮಾತಿನಿಂದ. ಗೆದ್ದವರ ಫ್ಲೆಕ್ಸ್ ಕಟ್ಟಿ, ಉಳಿದವರನ್ನು ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸುವುದನ್ನು ಬಿಟ್ಟರೆ ಸಾಕು.

ಐದು ಮಕ್ಕಳನ್ನು ಎತ್ತುವ ಬದಲು ಇಡೀ ಶಾಲೆಯನ್ನು ಸುಧಾರಿಸಿ ಎಂಬ ಮಾತು ಎಲ್ಲಕ್ಕಿಂತ ಗಟ್ಟಿಯಾದದ್ದು. ಅದನ್ನು ನಾನು ತಳ್ಳಿಹಾಕಲಾರೆ. ಖಾಲಿ ಇರುವ ಹುದ್ದೆಗೆ ಶಿಕ್ಷಕರು ಬರಬೇಕು, ಪ್ರಯೋಗಾಲಯ ಬೇಕು, ಶೌಚಾಲಯದಲ್ಲಿ ನೀರು ಬೇಕು. ಆದರೆ ಅದೆಲ್ಲ ಬರುವ ಹೊತ್ತಿಗೆ ಈಗ ಎಂಟನೆಯ ತರಗತಿಯಲ್ಲಿರುವವಳು ಮದುವೆಯಾಗಿ ಹೋಗಿರುತ್ತಾಳೆ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿಯೂ ಇಲ್ಲ. ಮೊದಮೊದಲು ನಾನು ತರಗತಿಯ ಮುಂದಿನ ಬೆಂಚಿನ ಐದಾರು ಮಕ್ಕಳನ್ನಷ್ಟೇ ಆರಿಸಿ ಪಾಠ ಮಾಡುತ್ತಿದ್ದೆ. ಅದು ತಪ್ಪಾಗಿತ್ತು. ಏಳನೆಯದರಲ್ಲಿ ಶೇಕಡ 55 ಅಂಕ ಇದ್ದವರೆಲ್ಲ ಅರ್ಹರು, ಪರಿಶಿಷ್ಟರಿಗೆ ಶೇಕಡ 5 ವಿನಾಯಿತಿ ಇದೆ. ಇಡೀ ತರಗತಿಯನ್ನು ಕೂರಿಸಿದ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ ಸಂಖ್ಯಾ ಸರಣಿಯನ್ನು ನನಗಿಂತ ಬೇಗ ಬಿಡಿಸುತ್ತಿದ್ದ. ಅವನಿಗೆ ಗಣಿತ ಬರುತ್ತದೆ ಎಂದು ಅವನ ಶಾಲೆಗೆ, ಅವನ ಮನೆಗೆ, ಅವನಿಗೇ ಗೊತ್ತಾದದ್ದು ಅಂದು.

ಅಪ್ಪ ಹಣವನ್ನು ಕುಡಿದು ಕಳೆಯುತ್ತಾನೆ ಎಂದವರಿಗೆ ಒಂದೇ ಉತ್ತರ: ಅದು ಮಗುವಿನ ಹೆಸರಿನ ಬ್ಯಾಂಕ್ ಖಾತೆಗೆ ನೇರ ಬರುತ್ತದೆ.

ಎದುರು ಮಾತಾಡಿದವರು ಎತ್ತದೇ ಉಳಿದ ಒಂದು ದೋಷವಿದೆ. ನಿಜವಾಗಿ ಜಗಳವಾಡಬೇಕಾದದ್ದು ಅದರ ಮೇಲೆ. ಪರೀಕ್ಷೆ ಗೆದ್ದ ಮಗು ಹಣ ಕಳೆದುಕೊಳ್ಳುವುದು ಕಾಗದದಲ್ಲಿ. ಶಾಲೆಯ ದಾಖಲೆಯಲ್ಲಿ ಒಂದು ಇನಿಷಿಯಲ್, ಆಧಾರ್‌ನಲ್ಲಿ ಇನ್ನೊಂದು. ಖಾತೆಗೆ ಆಧಾರ್ ಜೋಡಣೆ ಆಗಿರುವುದಿಲ್ಲ. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಪ್ರತಿವರ್ಷ ನವೀಕರಿಸಬೇಕು, ಅದನ್ನು ಶಾಲೆಯೂ ಜಿಲ್ಲೆಯೂ ಪರಿಶೀಲಿಸಬೇಕು ಎಂದು ಮನೆಯವರಿಗೆ ಯಾರೂ ಹೇಳಿರುವುದಿಲ್ಲ. ಹತ್ತನೆಯದರಲ್ಲಿ ಶೇಕಡ 60 ಬಾರದಿದ್ದರೆ ಪಿಯುಸಿಯ ಎರಡು ವರ್ಷದ ಹಣ ನಿಲ್ಲುತ್ತದೆ. ಈ ನಿಯಮವನ್ನು ಮಗು ಅಂಕಪಟ್ಟಿ ಬಂದ ಮೇಲೆ ತಿಳಿಯುತ್ತದೆ.

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಮುಖ್ಯೋಪಾಧ್ಯಾಯರಲ್ಲಿ ನನ್ನ ಬೇಡಿಕೆ ಇಷ್ಟೇ. ನಿಮ್ಮ ಎಂಟನೆಯ ತರಗತಿಯಲ್ಲಿ ಅರ್ಹತೆ ಇರುವ ಒಬ್ಬ ಮಗುವನ್ನೂ ಬಿಡದೆ ಅರ್ಜಿ ಹಾಕಿಸಿ. ಈ ವಾರವೇ ಹಾಜರಿ ಪುಸ್ತಕವನ್ನೂ ಮಕ್ಕಳ ಆಧಾರ್ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ಹೆಸರು ತಾಳೆ ನೋಡಿ. ತಂದೆತಾಯಿಯರೇ, ನಾಡಕಚೇರಿಗೆ ಹೋಗಿ ಆದಾಯ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಬೇಡ ಎಂದ ಹಿರಿಯರೇ, ಸಂಜೆ ಐದಕ್ಕೆ ಪಾಠ ಶುರುವಾಗುತ್ತದೆ. ಒಂದು ದಿನ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಿ.