ಅಪಸ್ಮಾರವೂ ಎಳೆಯ ಮೂಳೆಗಳೂ

ಮೂಳೆಯನ್ನು ಕಲ್ಲುಕಂಬದಂತೆ ಜಡವಾದ ವಸ್ತುವೆಂದು ಭಾವಿಸುವುದು ವಾಡಿಕೆ. ವಸ್ತುತಃ ಅದು ಸಜೀವವಾದುದು. ಹಳೆಯ ಮೂಳೆಯನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಅದರಲ್ಲಿ ಹಗಲಿರುಳೂ ದುಡಿಯುತ್ತಿರುತ್ತವೆ. ಭಾರ ಬಿದ್ದೆಡೆ ಮೂಳೆ ಬಲಿಯುತ್ತದೆ. ಭಾರ ತಪ್ಪಿದೆಡೆ ಸೊರಗುತ್ತದೆ. ಈ ತತ್ತ್ವವನ್ನು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ ೧೮೯೨ರಲ್ಲಿ ಪ್ರತಿಪಾದಿಸಿದನು. ಭೌತಶಾಸ್ತ್ರವನ್ನು ಬೋಧಿಸುವ ನಾವು ವೈದ್ಯವಿಷಯವನ್ನು ಕುರಿತು ಬರೆಯಲು ಇದೇ ಕಾರಣ. ಮೂಳೆಗೆ ಬೇಕಾದ ಬಲ, ಬೆಳಕುಗಳೆರಡೂ ನಮ್ಮ ಶಾಸ್ತ್ರದ ವಸ್ತುಗಳೇ.

ಮೂಳೆಯ ಗಳಿಕೆಗೆ ಕಾಲಮಿತಿಯುಂಟು. ಜೀವಮಾನಕ್ಕೆಲ್ಲ ಒದಗಬೇಕಾದ ಮೂಳೆಯ ಬಹುಪಾಲು ಇಪ್ಪತ್ತನೆಯ ವಯಸ್ಸಿನ ಸುಮಾರಿಗೆ ಕೂಡಿಬಂದಿರುತ್ತದೆ. ಮೂವತ್ತರ ಬಳಿಕ ಇರುವುದನ್ನು ಉಳಿಸಿಕೊಳ್ಳುವುದೇ ಮುಖ್ಯವಾದ ಕೆಲಸ. ವಿದ್ಯಾರ್ಥಿದೆಸೆಯ ಈ ಅಮೂಲ್ಯ ವರ್ಷಗಳಲ್ಲಿಯೇ ಅಪಸ್ಮಾರ, ಅಂದರೆ ಮೂರ್ಛೆರೋಗ, ಅನೇಕರನ್ನು ಕಾಡುತ್ತದೆ. ಜಗತ್ತಿನಲ್ಲಿ ಸುಮಾರು ೫ ಕೋಟಿ ಜನ ಇದಕ್ಕೆ ತುತ್ತಾಗಿರುವರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಈ ತರುಣರ ಮೂಳೆಗಳಿಗೆ ಮೂರು ಕಡೆಯಿಂದ ಹಾನಿ ಒದಗಬಹುದು.

ಮೊದಲನೆಯದು ರೋಗದಿಂದಲೇ ಬರುವುದು. ಸೆಳೆತ ಬಂದಾಗ ಬಿದ್ದು ಮೂಳೆ ಮುರಿಯಬಹುದು. ಬೀಳದಿದ್ದರೂ, ಸ್ನಾಯುಗಳ ಪ್ರಬಲವಾದ ಬಿಗಿತದಿಂದಲೇ ಬೆನ್ನೆಲುಬಿನ ಮಣಿಗಳು ಕುಸಿಯುವುದುಂಟು.

ಎರಡನೆಯದು ಔಷಧಗಳಿಂದ ಬರುವುದು. ೧೯೧೨ರಿಂದ ಬಳಕೆಯಲ್ಲಿರುವ ಫಿನೋಬಾರ್ಬಿಟಾಲ್, ೧೯೩೮ರಲ್ಲಿ ಬಂದ ಫೆನಿಟಾಯಿನ್, ಅನಂತರದ ಕಾರ್ಬಮಜೆಪೀನ್ ಇವೆಲ್ಲ ಯಕೃತ್ತಿನ ಕೆಲವು ಕಿಣ್ವಗಳನ್ನು ಚುರುಕುಗೊಳಿಸುತ್ತವೆ. ಆ ಕಿಣ್ವಗಳು 'ಡಿ' ಜೀವಸತ್ವವನ್ನು ಬೇಗನೆ ಒಡೆದುಹಾಕುತ್ತವೆ. ಅದು ಕಡಮೆಯಾದಾಗ ಕರುಳು ಆಹಾರದ ಕ್ಯಾಲ್ಸಿಯಮ್ಮನ್ನು ಸಾಕಷ್ಟು ಹೀರಿಕೊಳ್ಳಲಾರದು. ಜರ್ಮನಿಯ ವೈದ್ಯರೊಬ್ಬರು ೧೯೬೮ರಷ್ಟು ಹಿಂದೆಯೇ ಈ ಹಾನಿಯತ್ತ ಗಮನ ಸೆಳೆದಿದ್ದರು. ಹಾಗೆಂದು ಔಷಧವನ್ನು ತಾವಾಗಿ ಬಿಡುವ ಸಾಹಸ ಯಾರೂ ಮಾಡಕೂಡದು. ಥಟ್ಟನೆ ಬಿಟ್ಟರೆ ಸೆಳೆತ ನಿಲ್ಲದೆ ಮುಂದುವರಿದು ಪ್ರಾಣಕ್ಕೇ ಅಪಾಯವಾದೀತು. ಯೋಗ್ಯ ಚಿಕಿತ್ಸೆ ದೊರೆತರೆ ನೂರಕ್ಕೆ ೭೦ರಷ್ಟು ರೋಗಿಗಳು ಸೆಳೆತವಿಲ್ಲದೆ ಬಾಳಬಲ್ಲರು. ಬೀಳುವುದನ್ನು ತಪ್ಪಿಸುವ ಔಷಧ ಆ ಮಟ್ಟಿಗೆ ಮೂಳೆಗೂ ರಕ್ಷಕವೇ ಸರಿ.

ಮೂರನೆಯ ಹಾನಿ ನಾವೇ ಮಾಡುವಂಥದು. ಅಪಸ್ಮಾರವುಳ್ಳ ಹುಡುಗನನ್ನು ಆಟದ ಬಯಲಿಗೆ ಬಿಡುವುದಿಲ್ಲ. ಹುಡುಗಿಯನ್ನಂತೂ, ನಾಲ್ಕು ಜನರಿಗೆ ತಿಳಿದರೆ ಮದುವೆಯಾಗದೆಂದು, ಮನೆಯೊಳಗೆ ಬಚ್ಚಿಡುತ್ತೇವೆ. ನಮ್ಮ ವಿವಾಹ ಕಾನೂನುಗಳಿಂದ ಅಪಸ್ಮಾರದ ಅಡ್ಡಿಯನ್ನು ೧೯೯೯ರಲ್ಲಿ ತೆಗೆದುಹಾಕಲಾಯಿತು. ಮನಸ್ಸಿನ ಅಡ್ಡಿ ಮಾತ್ರ ಉಳಿದಿದೆ. ಪರಿಣಾಮವೇನು? ಓಡದ, ನೆಗೆಯದ ಮೂಳೆಗೆ ಭಾರವಿಲ್ಲ. ನೆರಳಿನಲ್ಲಿರುವ ಚರ್ಮಕ್ಕೆ ಬಿಸಿಲಿಲ್ಲ. ಚರ್ಮದಲ್ಲಿ 'ಡಿ' ಜೀವಸತ್ವವನ್ನು ಹುಟ್ಟಿಸುವ ನೇರಳಾತೀತ ಕಿರಣಗಳ ತರಂಗಾಂತರ ಸುಮಾರು ೨೯೦ರಿಂದ ೩೧೫ ನ್ಯಾನೊಮೀಟರ್. ಸಾಮಾನ್ಯ ಕಿಟಕಿಯ ಗಾಜು ಇವನ್ನು ಬಹುಮಟ್ಟಿಗೆ ತಡೆದುಬಿಡುತ್ತದೆ. ಆದಕಾರಣ ಮುಚ್ಚಿದ ಕಿಟಕಿಯ ಬಳಿ ಕುಳಿತು ಕಾಯಿಸಿಕೊಂಡ ಬಿಸಿಲು ಮೂಳೆಗೆ ದಕ್ಕದು. ಔಷಧ ಒಂದೆಡೆ ಜೀವಸತ್ವವನ್ನು ಕಳೆಯುತ್ತಿರಲು, ಇನ್ನೊಂದೆಡೆ ಅದು ಹುಟ್ಟುವ ದಾರಿಯನ್ನು ನಾವು ಮುಚ್ಚುವುದು ಎಂಥ ನ್ಯಾಯ?

ಇದಕ್ಕೆ ಪರಿಹಾರ ದುಬಾರಿಯದಲ್ಲ. ನಡಿಗೆ, ಓಟ, ಚೆಂಡಾಟಗಳಲ್ಲಿ ಈ ವಿದ್ಯಾರ್ಥಿಗಳಿಗೂ ಎಡೆಯಿರಲಿ. ಈಜುವುದು, ಎತ್ತರ ಹತ್ತುವುದು ಮಾತ್ರ ವೈದ್ಯರ ಒಪ್ಪಿಗೆ ಪಡೆದು, ಮೇಲ್ವಿಚಾರಣೆಯಲ್ಲಿ ನಡೆಯಲಿ. ಆಹಾರದ ಮಟ್ಟಿಗೆ ಕನ್ನಡಿಗರು ಪುಣ್ಯವಂತರು. ತರುಣರಿಗೆ ದಿನಕ್ಕೆ ಸುಮಾರು ೧೦೦೦ ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿಯೇ ೩೫೦ರ ಆಸುಪಾಸಿನಲ್ಲಿದೆ. ಹಾಲು ಮೊಸರುಗಳು ಜೊತೆಗೂಡಲಿ. ಬಹುಕಾಲದಿಂದ ಔಷಧ ಸೇವಿಸುವವರು ರಕ್ತದಲ್ಲಿನ 'ಡಿ' ಜೀವಸತ್ವದ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಲಿ. ಮಾತ್ರೆಗಳನ್ನು ಅವರು ಹೇಳಿದ ಪ್ರಮಾಣದಲ್ಲಿಯೇ ತೆಗೆದುಕೊಳ್ಳಲಿ.

ವಿದ್ಯಾರ್ಥಿಮಿತ್ರರಿಗೂ ಒಂದು ಮಾತು. ಸಹಪಾಠಿಗೆ ಸೆಳೆತ ಬಂದರೆ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ, ಅದುಮಿ ಹಿಡಿಯಬೇಡಿ. ತಲೆಯಡಿ ಮೆತ್ತನೆಯದನ್ನಿಟ್ಟು ಪಕ್ಕಕ್ಕೆ ಹೊರಳಿಸಿ. ಐದು ನಿಮಿಷ ಮೀರಿದರೆ ವೈದ್ಯರ ನೆರವು ಪಡೆಯಿರಿ. ಇಷ್ಟನ್ನು ಬಲ್ಲ ಗೆಳೆಯರು ಜೊತೆಗಿದ್ದರೆ ತಂದೆತಾಯಿಗಳ ಅಂಜಿಕೆ ತಗ್ಗುತ್ತದೆ, ಮನೆಯ ಬಾಗಿಲು ತೆರೆಯುತ್ತದೆ. ರೋಗವನ್ನೂ ಔಷಧದ ದೋಷವನ್ನೂ ನೋಡಿಕೊಳ್ಳುವುದು ವೈದ್ಯರ ಹೊಣೆ. ಬಿಸಿಲಿಗೂ ಬಯಲಿಗೂ ದಾರಿ ಬಿಡುವುದು ನಮ್ಮೆಲ್ಲರ ಹೊಣೆ.