ಹಸಿರು ದೀಪವೇ ಪ್ರಮಾಣವೆ?

ಸಣ್ಣ ಕಚೇರಿಯ ರೂಟರಿನಲ್ಲಿ ವಿ.ಪಿ.ಎನ್. ಸಂಪರ್ಕವನ್ನು ಹೊಂದಿಸಿಕೊಡುವ ಕೆಲಸ ಎಷ್ಟೋ ವೇಳೆ ವಿದ್ಯಾರ್ಥಿಗಳ ಪಾಲಿಗೇ ಬರುತ್ತದೆ. "ಕಾಲೇಜಿನಲ್ಲಿ ಓದುತ್ತೀಯಲ್ಲ, ಇದನ್ನಷ್ಟು ನೋಡಿಕೊಡಪ್ಪ" ಎಂದು ಸೋದರಮಾವ ಕೇಳಿದರೆ ಇಲ್ಲವೆನ್ನಲಾದೀತೆ? ಅರ್ಧ ಗಂಟೆಯಲ್ಲಿ ಪರದೆಯ ಮೇಲೆ ಹಸಿರು ಗುರುತು ಮೂಡುತ್ತದೆ, ಎಲ್ಲರಿಗೂ ಸಂತೋಷವಾಗುತ್ತದೆ. ಈ ಸಂತೋಷ ಅವಸರದ್ದೆಂಬುದೇ ನಮ್ಮ ಅಭಿಪ್ರಾಯ.

ಲೆಕ್ಕಪರಿಶೋಧಕರೊಬ್ಬರ ಕಚೇರಿ ತುಮಕೂರಿನಲ್ಲಿಯೂ ಶಾಖೆ ತಿಪಟೂರಿನಲ್ಲಿಯೂ ಇವೆಯೆಂದು ಇಟ್ಟುಕೊಳ್ಳೋಣ. ಇವೆರಡರ ನಡುವೆ ಕಡತಗಳು ಅಂತರಜಾಲವೆಂಬ ಸಾರ್ವಜನಿಕ ಮಾರ್ಗದಲ್ಲಿಯೇ ಸಾಗಬೇಕು. ಎರಡು ರೂಟರುಗಳೂ ತಮ್ಮೊಳಗೆ ಒಪ್ಪಿಕೊಂಡ ಗೂಢಲಿಪಿಯಲ್ಲಿ ಅವನ್ನು ಮರೆಮಾಡಿ ಕಳುಹಿಸುವ ಏರ್ಪಾಡೇ ವಿ.ಪಿ.ಎನ್.

ಇದನ್ನು ಹೊಂದಿಸುವಾಗ ಎರಡು ಬಗೆಯ ತಪ್ಪುಗಳು ಸಂಭವಿಸುತ್ತವೆ. ಮೊದಲನೆಯದು ಕೂಗಿ ಹೇಳುವ ತಪ್ಪು. ಎರಡು ಕಚೇರಿಗಳಲ್ಲಿಯೂ ವಿಳಾಸಗಳು ೧೯೨.೧೬೮.೧ ಎಂದೇ ಆರಂಭವಾದರೆ, ತಿಪಟೂರಿಗೆ ಹೋಗಬೇಕಾದ ಕಡತವನ್ನು ತುಮಕೂರಿನ ಯಂತ್ರಗಳು ತಮ್ಮ ಮನೆಯೊಳಗೇ ಹುಡುಕುತ್ತವೆ. ಕೆಲಸ ನಡೆಯುವುದಿಲ್ಲ, ಆದುದರಿಂದ ತಪ್ಪು ಬೇಗನೆ ತಿಳಿಯುತ್ತದೆ. ಒಂದು ಕಡೆ ೧೯೨.೧೬೮.೨ ಎಂದು ಬದಲಾಯಿಸಿದರಾಯಿತು. ಎರಡನೆಯದು ಮೌನವಾಗಿರುವ ತಪ್ಪು. ದುರ್ಬಲವಾದ ಗೂಢಲಿಪಿಯನ್ನು ಆರಿಸಿದರೂ ಅದೇ ಹಸಿರು ಗುರುತು ಮೂಡುತ್ತದೆ! ಬೀಗ ತೆರೆದುಕೊಂಡಿತೆಂದರೆ ಕೈ ಸರಿಯಾದುದೆಂದು ತಿಳಿಯಬಹುದೇ ಹೊರತು, ಬೀಗ ಗಟ್ಟಿಯಾದುದೆಂದು ತಿಳಿಯಲಾಗದು.

ಹಳೆಯ ರೂಟರುಗಳಲ್ಲಿ ಪಿ.ಪಿ.ಟಿ.ಪಿ. ಎಂಬ ಆಯ್ಕೆಯುಂಟು. ಅದನ್ನು ಹೊಂದಿಸುವುದು ಬಹಳ ಸುಲಭ. ಮೈಕ್ರೋಸಾಫ್ಟ್ ಸಂಸ್ಥೆ ಅದನ್ನು ಅಳವಡಿಸಿದ್ದ ರೀತಿಯ ದೋಷಗಳನ್ನು ೧೯೯೮ರಲ್ಲಿಯೇ ಬ್ರೂಸ್ ಷ್ನಯರ್ ಮತ್ತು ಮಡ್ಜ್ ತೋರಿಸಿಕೊಟ್ಟಿದ್ದರು. ಅದರಲ್ಲಿ ಗುರುತನ್ನು ಪರೀಕ್ಷಿಸುವ ವಿಧಾನದ ರಹಸ್ಯವೆಲ್ಲ ಕಟ್ಟಕಡೆಗೆ ೫೬ ಬಿಟ್ಟುಗಳ ಒಂದೇ ಕೀಲಿಗೆ ಇಳಿಯುವುದೆಂದೂ, ಅದನ್ನು ಒಂದು ದಿನದೊಳಗೆ ಹುಡುಕಬಹುದೆಂದೂ ೨೦೧೨ರಲ್ಲಿ ಸಿದ್ಧವಾಯಿತು.

೫೬ ಬಿಟ್ಟುಗಳೆಂದರೆ ೭೨೦ ಕೋಟಿಯನ್ನು ಒಂದು ಕೋಟಿಯಿಂದ ಗುಣಿಸಿದಷ್ಟು ಕೀಲಿಗಳು. ಅಷ್ಟನ್ನೂ ಒಂದೇ ದಿನದಲ್ಲಿ ಪರೀಕ್ಷಿಸಬಲ್ಲ ಯಂತ್ರಕ್ಕೆ ೧೨೮ ಬಿಟ್ಟುಗಳ ಎ.ಇ.ಎಸ್. ಕೀಲಿಯನ್ನು ಒಡ್ಡೋಣ. ಒಂದೊಂದು ಬಿಟ್ಟು ಹೆಚ್ಚಿದಂತೆಲ್ಲ ಕಾಲ ಇಮ್ಮಡಿಯಾಗುತ್ತದೆ. ಹೀಗೆ ೭೨ ಸಲ ಇಮ್ಮಡಿಸಿದರೆ ವಿಶ್ವದ ಈಗಿನ ವಯಸ್ಸಿನ ೯೦ ಕೋಟಿ ಪಟ್ಟಿಗೂ ಮೀರಿದ ಕಾಲ ಬೇಕಾಗುತ್ತದೆ. ಪರದೆಯ ಮೇಲಿನ ಒಂದು ಆಯ್ಕೆಯಲ್ಲಿ ಇಷ್ಟೊಂದು ಅಂತರ ಅಡಗಿದೆ.

ಆದರೆ ಗಟ್ಟಿಯಾದ ಲಿಪಿಯನ್ನು ಆರಿಸಿ, ಎರಡು ಕಡೆಗೂ ಸಮಾನವಾದ ಗುಪ್ತಪದವಾಗಿ ಕಚೇರಿಯ ದೂರವಾಣಿ ಸಂಖ್ಯೆಯನ್ನು ಬರೆದರೆ ಮಾಡಿದ್ದೆಲ್ಲ ವ್ಯರ್ಥ. ಹತ್ತು ಅಂಕೆಗಳಲ್ಲಿ ಸಾಧ್ಯವಾದ ಸಂಖ್ಯೆಗಳು ಒಂದು ಸಾವಿರ ಕೋಟಿ ಮಾತ್ರ. ಅಂದರೆ ೩೪ ಬಿಟ್ಟುಗಳಷ್ಟೂ ಇಲ್ಲ. ಐಪಿಸೆಕ್‌ನ ಹಳೆಯ 'ಅಗ್ರೆಸಿವ್' ಕ್ರಮದಲ್ಲಿ, ಆರಂಭದ ಸಂಭಾಷಣೆಯನ್ನು ಕದ್ದು ದಾಖಲಿಸಿಕೊಂಡವನು ತನ್ನ ಮನೆಯಲ್ಲಿಯೇ ಕುಳಿತು ಇವನ್ನೆಲ್ಲ ಪರೀಕ್ಷಿಸಬಲ್ಲ.

ಹಾಗಾದರೆ ಮಾಡತಕ್ಕದ್ದೇನು? ಪಿ.ಪಿ.ಟಿ.ಪಿ.ಯನ್ನು ಕೈಬಿಡಬೇಕು. ಐ.ಕೆ.ಇ. ಎರಡನೆಯ ಆವೃತ್ತಿಯ ಐಪಿಸೆಕ್ ಇದ್ದರೆ ಎ.ಇ.ಎಸ್. ಅನ್ನೂ, ಡಿಫಿ–ಹೆಲ್ಮನ್ ೧೪ನೆಯ ಗುಂಪನ್ನೋ ಅದಕ್ಕಿಂತ ಬಲವಾದುದನ್ನೋ ಆರಿಸಿ, ಯಂತ್ರವೇ ಯಾದೃಚ್ಛಿಕವಾಗಿ ರಚಿಸಿದ ಉದ್ದನೆಯ ಗುಪ್ತಪದವನ್ನು ಕೊಡಬೇಕು. ವೈರ್‌ಗಾರ್ಡ್ ದೊರೆತರೆ ಇನ್ನೂ ಸುಲಭ. ಅಲ್ಲಿ ದುರ್ಬಲ ಲಿಪಿಯನ್ನು ಆರಿಸುವ ಅವಕಾಶವೇ ಇಲ್ಲ.

"ನಮ್ಮ ಪುಟ್ಟ ಕಚೇರಿಯ ಮೇಲೆ ಯಾರಿಗೆ ಕಣ್ಣು? ಹೊಸ ರೂಟರಿನ ಖರ್ಚೇಕೆ?" ಎಂದು ಯಜಮಾನರು ಕೇಳಬಹುದು. ಖರ್ಚು ನಿಜವೇ. ಆದರೆ ಅಲ್ಲಿರುವ ವರಮಾನದ ಲೆಕ್ಕ, ಬ್ಯಾಂಕಿನ ವಿವರ ಅವರ ಸ್ವಂತ ಸೊತ್ತಲ್ಲ. ನಂಬಿ ಕೊಟ್ಟ ನೂರಾರು ಜನರದು. ಅಂತರಜಾಲದಲ್ಲಿ ದುರ್ಬಲ ಬಾಗಿಲುಗಳನ್ನು ಹುಡುಕುತ್ತಿರುವ ಯಂತ್ರಗಳು ಕಚೇರಿ ದೊಡ್ಡದೊ ಚಿಕ್ಕದೊ ಎಂದು ಕೇಳುವುದಿಲ್ಲ.

ಪ್ರಯೋಗಶಾಲೆಯಲ್ಲಿ ಮುಳ್ಳು ಅಲುಗಾಡಿತೆಂದ ಮಾತ್ರಕ್ಕೆ ಅಳತೆ ಸರಿಯಾಯಿತೆಂದು ನಾವು ಒಪ್ಪುವುದಿಲ್ಲ, ಉಪಕರಣವನ್ನು ಪರೀಕ್ಷಿಸುತ್ತೇವೆ. ಮಾವನ ಕಚೇರಿಯಲ್ಲಿಯೂ ಅದೇ ಶಿಸ್ತಿರಲಿ. ತರುಣ ಮಿತ್ರರು ಪ್ರತಿಯೊಂದು ಆಯ್ಕೆಯ ಮುಂದೆಯೂ "ಇದೇಕೆ?" ಎಂದು ಕೇಳಿಕೊಂಡು, ಉತ್ತರ ದೊರೆತ ಮೇಲೆಯೇ ಮುಂದುವರಿಯಲಿ.