ಮಣ್ಣಿನ ಹೂವು ಉದುರದಿರಲು

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆಯನ್ನು ಅರಿಯದವರಿಲ್ಲ. ಆದರೆ ದೊಣ್ಣೆ ತಾಗದೆಯೂ ಗಡಿಗೆ ಕೆಡುವುದುಂಟು. ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಮೊಮ್ಮಗಳು ಕೈಯಿಂದಲೇ ಒಂದು ಹೂದಾನಿಯನ್ನು ಮಾಡಿದಳು. ಎರಡು ದಿನ ಬಿಸಿಲಿನಲ್ಲಿಟ್ಟು, ಬಳಿಕ ಅದರ ಮೈಮೇಲೆ ಹಸಿಮಣ್ಣಿನ ಬಳ್ಳಿ, ಎಲೆ, ಹೂಗಳನ್ನು ಅಂಟಿಸಿದಳು. ಮರುದಿನ ಬೆಳಗಾಗುವುದರೊಳಗೆ ಹೂಗಳೆಲ್ಲ ನೆಲಕ್ಕುದುರಿದ್ದವು. “ಗಟ್ಟಿಯಾಗಿಯೇ ಒತ್ತಿದ್ದೆ ಅಜ್ಜಾ” ಎಂದು ಅತ್ತಳು. ಅವಳು ಒತ್ತಿದ್ದು ನಿಜ. ತಪ್ಪಿದ್ದುದು ಒತ್ತಡದಲ್ಲಲ್ಲ, ಹದದಲ್ಲಿ.

ಹಸಿಮಣ್ಣು ಒಣಗುವಾಗ ಸಾಮಾನ್ಯವಾಗಿ ನೂರಕ್ಕೆ 5ರಿಂದ 8ರಷ್ಟು ಕುಗ್ಗುತ್ತದೆ. ಪಾತ್ರೆಯು ಮೊದಲೇ ಒಣಗಿ ಕುಗ್ಗಿದ್ದರೆ, ಅನಂತರ ಅಂಟಿಸಿದ ಹಸಿಯ ಹೂವು ತಾನೊಂದೇ ಕುಗ್ಗುತ್ತದೆ. ಆಗ ಬೆಸುಗೆ ಬಿರಿಯದೆ ಇರದು. ಆದುದರಿಂದ ಎರಡೂ ಒಂದೇ ಮಣ್ಣಿನವಾಗಿರಬೇಕು, ತೇವವೂ ಹೆಚ್ಚುಕಡಿಮೆ ಸಮನಾಗಿರಬೇಕು. ಬೆರಳಿನಿಂದ ಒತ್ತಿದರೆ ಪಾತ್ರೆ ಕುಸಿಯಬಾರದು. ಉಗುರಿನಿಂದ ಗೀರಿದರೆ ಗೀರು ಮೂಡಬೇಕು. ಅದೇ ತಕ್ಕ ಹದ. ಕೂಡುವ ಎರಡು ಮೈಗಳನ್ನೂ ಮುಳ್ಳಿನಿಂದ ಅಡ್ಡಡ್ಡಲಾಗಿ ಗೀರಿ, ಅದೇ ಮಣ್ಣನ್ನು ನೀರಿನಲ್ಲಿ ಕದಡಿದ ಮಂದವಾದ ಕೆಸರನ್ನು ಸವರಿ, ನಡುವೆ ಗಾಳಿ ನಿಲ್ಲದಂತೆ ಒತ್ತಬೇಕು. ಆನೆಯ ತಲೆ, ಹಕ್ಕಿಯ ಒಡಲು ಮುಂತಾದ ದಪ್ಪ ಆಕೃತಿಗಳನ್ನು ಒಳಗೆ ಪೊಳ್ಳು ಮಾಡಿ ಸೂಜಿಯಿಂದ ಒಂದು ರಂಧ್ರವನ್ನು ಬಿಡಬೇಕು. ಇಲ್ಲವಾದರೆ ಒಳಗುಳಿದ ತೇವವು ಆವಿಗೆಯ ಕಾವಿನಲ್ಲಿ ಹಬೆಯಾಗಿ ಆಕೃತಿಯನ್ನು ಒಡೆಯುತ್ತದೆ. ಕೊನೆಗೆ ಬಟ್ಟೆಯನ್ನು ಹೊದಿಸಿ ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು.

ಈ ಕಷ್ಟ ಮಕ್ಕಳದಷ್ಟೇ ಅಲ್ಲ. ಇಂಗ್ಲೆಂಡಿನ ಕುಂಬಾರ ಮನೆತನದಲ್ಲಿ ಹುಟ್ಟಿದ ಜೋಸೈಯಾ ವೆಡ್ಜ್‌ವುಡ್ (1730–1795) ಅಚ್ಚಿನಲ್ಲಿ ಒತ್ತಿ ತೆಗೆದ ಬಿಳಿಯ ಉಬ್ಬುಚಿತ್ರಗಳನ್ನು ನೀಲಿ ಪಾತ್ರೆಗಳ ಮೇಲೆ ಕೂಡಿಸಿ ಜಗತ್ಪ್ರಸಿದ್ಧರಾದರು. ಅಂತಹವರು ‘ಪೋರ್ಟ್‌ಲ್ಯಾಂಡ್ ಹೂದಾನಿ’ ಎಂಬ ಪ್ರಾಚೀನ ರೋಮನ್ ಗಾಜಿನ ಪಾತ್ರೆಯನ್ನು 1786ರಲ್ಲಿ ಎರವಲು ತಂದು, ಅದರ ಪ್ರತಿಯನ್ನು ಮಣ್ಣಿನಲ್ಲಿ ಮಾಡಹೊರಟರು. ಮೊದಮೊದಲ ಪ್ರತಿಗಳ ಮೈ ಬಿರಿಯಿತು, ಬೊಬ್ಬೆಯೆದ್ದಿತು; ಸುಡುವಾಗ ಉಬ್ಬುಚಿತ್ರಗಳು ಕಿತ್ತು ಮೇಲೆದ್ದವು. ಮನಸ್ಸಿಗೊಪ್ಪುವ ಪ್ರತಿ ಕೈಸೇರಲು ಸುಮಾರು ನಾಲ್ಕು ವರ್ಷಗಳು ಹಿಡಿದವು.

ಈ ಸಂಗತಿಯನ್ನು ಹೇಳಿದ ಮೇಲೆ ಮಗು ಕಣ್ಣೊರೆಸಿಕೊಂಡು ಹೊಸ ಮಣ್ಣನ್ನು ಕಲಸಿದಳು. ಈ ಸಲ ದಿನಕ್ಕೆ ಎರಡು ಬಾರಿ ಉಗುರಿನಿಂದ ಗೀರಿ ಹದವನ್ನು ನೋಡಿದಳು. ಊರ ಕುಂಬಾರರ ಆವಿಗೆಯಿಂದ ಹೊರಬಂದ ಹೂದಾನಿಯಲ್ಲಿ ಒಂದು ಎಸಳು ಮಾತ್ರ ಮುಕ್ಕಾಗಿತ್ತು. ಬಳ್ಳಿ ಹಾಗೆಯೇ ನಿಂತಿತ್ತು.

ಕುಂಬಾರ ಗುಂಡಯ್ಯನವರಂತಹ ಶರಣರು ಕೈಹಿಡಿದ ಕಾಯಕವಿದು. ರಜೆಯಲ್ಲಿ ಮಕ್ಕಳ ಕೈಗೆ ಒಂದು ಹಿಡಿ ಮಣ್ಣನ್ನು ಕೊಡಿರಿ. ಮೊದಲ ಹೂವು ಉದುರಿದರೆ ಗದರಿಸಬೇಡಿರಿ. ಹದಕ್ಕಾಗಿ ಕಾಯುವುದನ್ನು ಮಣ್ಣೇ ಅವರಿಗೆ ಕಲಿಸುತ್ತದೆ.